ಬಿಎಸ್ಸಿಯಲ್ಲಿ ಬಾಹ್ಯಾಕಾಶ, ಗ್ರಹ, ವಾತಾವರಣ ವಿಜ್ಞಾನ: ಮಂಡ್ಯದಲ್ಲಿ ಕೂತು ಎಲ್ಲಿಂದ ಶುರು ಮಾಡಲಿ?

ಕಬ್ಬಿನ ಗದ್ದೆ (ಮಂಡ್ಯ)

ಎಲ್ಲರಿಗೂ ನಮಸ್ಕಾರ. ನಾನು ಬಿಎಸ್ಸಿ ಮೊದಲ ವರ್ಷದ ವಿದ್ಯಾರ್ಥಿನಿ, ಫಿಸಿಕ್ಸ್ ಮತ್ತು ಮ್ಯಾಥ್ಸ್. ಮುಂದಿನ ಸೆಮಿಸ್ಟರ್‌ಗೆ ಬಾಹ್ಯಾಕಾಶ, ಗ್ರಹ ಮತ್ತು ವಾತಾವರಣ ವಿಜ್ಞಾನದ ಪರಿಚಯ ಅಂತ ಒಂದು ಎಲೆಕ್ಟಿವ್ ತೆಗೆದುಕೊಂಡಿದ್ದೇನೆ. ಸಿಲಬಸ್ ನೋಡಿದರೆ ಸೂರ್ಯ, ಶುಕ್ರ, ಉಪಗ್ರಹ, ಮೋಡ, ಮುಂಗಾರು ಎಲ್ಲ ಒಂದೇ ಪೇಪರಿನಲ್ಲಿದೆ. ಇವನ್ನೆಲ್ಲ ಯಾಕೆ ಒಟ್ಟಿಗೆ ಇಟ್ಟಿದ್ದಾರೆ ಅಂತ ಗೊತ್ತಾಗುತ್ತಿಲ್ಲ. ನಮ್ಮಲ್ಲಿ ಟೆಲಿಸ್ಕೋಪ್ ಇಲ್ಲ. ಎಸ್ಸೆಸ್ಸೆಲ್ಸಿವರೆಗೆ ಓದಿದ್ದು ಕನ್ನಡ ಮಾಧ್ಯಮ. ರಜೆಯಲ್ಲಿ ಸ್ವಲ್ಪ ತಯಾರಿ ಮಾಡಿಕೊಳ್ಳಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ? ಇದನ್ನು ಓದಿ ಮುಂದೇನು ಅಂತ ಅಪ್ಪ ಬೇರೆ ಕೇಳುತ್ತಿದ್ದಾರೆ.

ಫಿಸಿಕ್ಸ್ ಮೇಡಂ (ಸರಸ್ವತಿಪುರಂ, ಮೈಸೂರು)

ಒಳ್ಳೆಯ ಪೇಪರ್ ಆರಿಸಿಕೊಂಡಿದ್ದೀಯಮ್ಮ. ಟೆಲಿಸ್ಕೋಪ್ ಇಲ್ಲ ಅಂತ ಬೇಜಾರು ಬೇಡ. ನನ್ನ ಅಭಿಪ್ರಾಯ ಇಷ್ಟೇ: ತಲೆಯ ಮೇಲಿನ ಗಾಳಿಯಿಂದ ಶುರು ಮಾಡು. ಅದಕ್ಕೆ ಅನ್ವಯಿಸುವ ನಾಲ್ಕೈದು ನಿಯಮಗಳೇ ಶುಕ್ರಕ್ಕೂ ಮಂಗಳಕ್ಕೂ ಅನ್ವಯಿಸುತ್ತವೆ. ಎಲ್ಲವನ್ನೂ ಒಂದೇ ಪೇಪರಿನಲ್ಲಿ ಇಟ್ಟಿರುವುದು ಅದಕ್ಕೇ.

ಮೊದಲ ಲೆಕ್ಕ ಇದು. ಭೂಮಿಯ ದೂರದಲ್ಲಿ ಸೂರ್ಯನಿಗೆ ನೇರ ಮುಖ ಮಾಡಿದ ಒಂದು ಚದರ ಮೀಟರಿಗೆ 1361 ವ್ಯಾಟ್ ಶಕ್ತಿ ಬೀಳುತ್ತದೆ. ಬೆಳಕನ್ನು ತಡೆಯುವುದು ಭೂಮಿಯ ದುಂಡು ನೆರಳಿನಷ್ಟು ಜಾಗ. ಶಾಖ ಹೊರಗೆ ಬಿಡುವುದು ಮಾತ್ರ ಇಡೀ ಗೋಳ. ಗೋಳದ ಮೇಲ್ಮೈ ಆ ವೃತ್ತದ ನಾಲ್ಕರಷ್ಟು. ಹಾಗಾಗಿ 1361ನ್ನು 4ರಿಂದ ಭಾಗಿಸು. ಅದರಲ್ಲಿ ಶೇ. 30ರಷ್ಟು ಮೋಡ, ಮಂಜು, ಮರಳಿಗೆ ತಾಗಿ ವಾಪಸ್ ಹೋಗುತ್ತದೆ. ಉಳಿಯುವುದು ಸುಮಾರು 238 ವ್ಯಾಟ್. ಬಂದಷ್ಟೇ ಹೊರಗೂ ಹೋಗಬೇಕು, ಇಲ್ಲದಿದ್ದರೆ ಭೂಮಿ ಬಿಸಿಯಾಗುತ್ತಲೇ ಹೋಗುತ್ತದೆ. ಹೊರಗೆ ಹೋಗುವ ಶಾಖಕ್ಕೆ ಸ್ಟೆಫಾನ್–ಬೋಲ್ಟ್ಸ್‌ಮನ್ ನಿಯಮ ಹಾಕು, ಅಂದರೆ ಆ ಶಾಖ ತಾಪಮಾನದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಉತ್ತರ 255 ಕೆಲ್ವಿನ್, ಮೈನಸ್ 18 ಡಿಗ್ರಿ.

ಆದರೆ ಭೂಮಿಯ ನಿಜವಾದ ಸರಾಸರಿ ಸುಮಾರು 15 ಡಿಗ್ರಿ. ಈ 33 ಡಿಗ್ರಿ ವ್ಯತ್ಯಾಸಕ್ಕೆ ಕಾರಣ ಗಾಳಿಯಲ್ಲಿರುವ ನೀರಾವಿ, ಇಂಗಾಲದ ಡೈಆಕ್ಸೈಡ್ ಮತ್ತು ಮೋಡಗಳು. ಅವು ನೆಲದಿಂದ ಏಳುವ ಇನ್ಫ್ರಾರೆಡ್ ಶಾಖವನ್ನು ಹೀರಿಕೊಂಡು ಒಂದು ಪಾಲನ್ನು ಮತ್ತೆ ಕೆಳಗೆ ಕಳಿಸುತ್ತವೆ. ಇದೇ ಲೆಕ್ಕವನ್ನು ಶುಕ್ರಕ್ಕೂ ಮಂಗಳಕ್ಕೂ ಮಾಡಿ ನೋಡು. ಶುಕ್ರಕ್ಕೆ 2600 ವ್ಯಾಟ್, ಪ್ರತಿಫಲನ ಶೇ. 76. ಮಂಗಳಕ್ಕೆ 590 ವ್ಯಾಟ್, ಪ್ರತಿಫಲನ ಶೇ. 25. ಉತ್ತರ ಇಲ್ಲೇ ಹಾಕು.

ಕಬ್ಬಿನ ಗದ್ದೆ

ಮೇಡಂ, ಮಂಗಳಕ್ಕೆ 210 ಕೆಲ್ವಿನ್ ಬಂತು, ಮೈನಸ್ 63 ಡಿಗ್ರಿ. ಶುಕ್ರಕ್ಕೆ 229 ಕೆಲ್ವಿನ್ ಬರುತ್ತಿದೆ, ಅಂದರೆ ಮೈನಸ್ 44. ಶುಕ್ರ ಸೂರ್ಯನಿಗೆ ಹತ್ತಿರ ಇದ್ದೂ ಭೂಮಿಗಿಂತ ತಣ್ಣಗೆ ಹೇಗೆ ಬರುತ್ತದೆ? ಲೆಕ್ಕ ಸರಿಯಾಗಿದೆಯಾ?

ಫಿಸಿಕ್ಸ್ ಮೇಡಂ

ಲೆಕ್ಕ ಸರಿಯಾಗಿದೆ. ಶುಕ್ರದ ಮೋಡ ಮುಕ್ಕಾಲು ಪಾಲು ಬೆಳಕನ್ನು ಹೊರಗೇ ತಳ್ಳುತ್ತದೆ. ಅದು ಹೀರಿಕೊಳ್ಳುವ ಸೂರ್ಯನ ಶಕ್ತಿ ನಮಗಿಂತ ಕಡಿಮೆ. ಆದರೂ ಅದರ ನೆಲ ಸುಮಾರು 464 ಡಿಗ್ರಿ! ಗಾಳಿಯ ಒತ್ತಡ ನಮ್ಮದರ 90 ಪಟ್ಟಿಗೂ ಜಾಸ್ತಿ, ಅದರಲ್ಲಿ ಶೇ. 96 ಇಂಗಾಲದ ಡೈಆಕ್ಸೈಡ್. 1962ರಲ್ಲಿ ಮ್ಯಾರಿನರ್ 2 ನೌಕೆ ಪಕ್ಕದಲ್ಲಿ ಹಾದುಹೋದಾಗ ಈ ಬಿಸಿ ಖಚಿತವಾಯಿತು. 1970ರಲ್ಲಿ ವೆನೆರಾ 7 ನೌಕೆ ಆ ನೆಲಕ್ಕೇ ಇಳಿದು ತಾಪಮಾನ ಕಳಿಸಿತು. ಮಂಗಳದ ಗಾಳಿಯಲ್ಲೂ ಶೇ. 95 ಅದೇ ಅನಿಲ ಇದೆ. ಆದರೆ ಗಾಳಿಯೇ ತೀರಾ ತೆಳು, ಒತ್ತಡ ನಮ್ಮದರ ನೂರನೇ ಒಂದು ಪಾಲೂ ಇಲ್ಲ. ಹಾಗಾಗಿ ಅಲ್ಲಿ ಲೆಕ್ಕಕ್ಕೂ ನಿಜಕ್ಕೂ ಹೆಚ್ಚು ದೂರ ಇಲ್ಲ.

ಗ್ರಹದ ಬಿಸಿಯನ್ನು ಸೂರ್ಯನಿಂದ ಇರುವ ದೂರ ಒಂದೇ ನಿರ್ಧರಿಸುವುದಿಲ್ಲ, ಅದರ ಗಾಳಿಯೂ ನಿರ್ಧರಿಸುತ್ತದೆ. ಇದನ್ನು ನೀನೇ ಲೆಕ್ಕ ಮಾಡಿ ಕಂಡೆ ಅಲ್ವಾ? ಪೇಪರಿನ ಅರ್ಧ ಇಲ್ಲೇ ಇದೆ.

ಮೆಟ್ಟಿಲು ಹತ್ತುವವ (ಮೈಸೂರು)

ತಂಗಿ, ನಿನ್ನ ಫೋನಿನಲ್ಲಿ ಬ್ಯಾರೋಮೀಟರ್, ಅಂದರೆ ಗಾಳಿಯ ಒತ್ತಡ ಅಳೆಯುವ ಸಾಧನ ಇದೆಯಾ ನೋಡು. ಎಲ್ಲ ಫೋನಿನಲ್ಲೂ ಇರುವುದಿಲ್ಲ, ತುಂಬಾ ಫೋನುಗಳಲ್ಲಿ ಇರುತ್ತದೆ. ಇದ್ದರೆ ಒಂದು ಭಾನುವಾರ ಚಾಮುಂಡಿ ಬೆಟ್ಟಕ್ಕೆ ಬಾ. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರ. ಇಲ್ಲಿ ಒತ್ತಡ 925 ಹೆಕ್ಟೋಪಾಸ್ಕಲ್ ಆಸುಪಾಸು ತೋರಿಸುತ್ತದೆ, ಸಮುದ್ರ ಮಟ್ಟದಲ್ಲಿ 1013. ನಮ್ಮ ಮನೆಯಲ್ಲಿ ನೀರು 100 ಡಿಗ್ರಿಗೆ ಅಲ್ಲ, 97 ಡಿಗ್ರಿ ದಾಟಿದ ಮೇಲೇ ಕುದಿಯುತ್ತದೆ. ಕಾರಣ ಇದೇ.

ಮೆಟ್ಟಿಲು ಹತ್ತುವಾಗ ಬುಡದಲ್ಲಿ, ನಂದಿಯ ಹತ್ತಿರ, ಮೇಲೆ ದೇವಸ್ಥಾನದ ಮುಂದೆ ಒಂದೊಂದು ಓದು ಬರೆದುಕೋ. ಈ ಎತ್ತರದಲ್ಲಿ ಸುಮಾರು ಒಂಬತ್ತೂವರೆ ಮೀಟರ್ ಏರಿದರೆ ಒತ್ತಡ 1 ಹೆಕ್ಟೋಪಾಸ್ಕಲ್ ಕಡಿಮೆಯಾಗುತ್ತದೆ. ಬೆಟ್ಟದ ತುದಿ ಸುಮಾರು 1060 ಮೀಟರ್. ಊರಿಗೂ ತುದಿಗೂ 30 ಹೆಕ್ಟೋಪಾಸ್ಕಲ್‌ನಷ್ಟು ವ್ಯತ್ಯಾಸ ಸಿಗಬೇಕು. ಒತ್ತಡದ ಲಾಗರಿದಮ್ ತೆಗೆದು ಎತ್ತರಕ್ಕೆ ಎದುರಾಗಿ ಗ್ರಾಫ್ ಹಾಕಿದರೆ ನೇರ ಗೆರೆ ಬರುತ್ತದೆ. ಅದರ ಇಳಿಜಾರಿನಿಂದ ಸ್ಕೇಲ್ ಹೈಟ್ ತೆಗೆಯಬಹುದು, ಅಂದರೆ ಎಷ್ಟು ಮೇಲೆ ಹೋದರೆ ಒತ್ತಡ ಸುಮಾರು ಶೇ. 37ಕ್ಕೆ ಇಳಿಯುತ್ತದೆ ಅನ್ನುವ ಎತ್ತರ. ಭೂಮಿಗೆ ಅದು ಎಂಟೂವರೆ ಕಿಲೋಮೀಟರ್ ಹತ್ತಿರ, ಮಂಗಳಕ್ಕೆ 11.

ಫಿಸಿಕ್ಸ್ ಮೇಡಂ

ತುಂಬಾ ಒಳ್ಳೆಯ ಪ್ರಯೋಗ. ಒಂದು ಮಾತು ಸೇರಿಸುತ್ತೇನೆ. ಬೆಟ್ಟ ಹತ್ತದೆ ಮನೆಯಲ್ಲೇ ಫೋನ್ ಇಟ್ಟರೂ ಒತ್ತಡ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಬೆಳಗ್ಗೆ 10 ಮತ್ತು ರಾತ್ರಿ 10ರ ಸುಮಾರಿಗೆ ಜಾಸ್ತಿ, ಬೆಳಗಿನ ಜಾವ 4 ಮತ್ತು ಸಂಜೆ 4ರ ಸುಮಾರಿಗೆ ಕಡಿಮೆ. ಓಝೋನ್ ಮತ್ತು ನೀರಾವಿ ಸೂರ್ಯನ ಬೆಳಕು ಹೀರಿ ಬಿಸಿಯಾಗುವುದರಿಂದ ಇಡೀ ವಾತಾವರಣದಲ್ಲಿ ಒಂದು ಅಲೆ ಏಳುತ್ತದೆ. ನಮ್ಮಂಥ ಉಷ್ಣವಲಯದ ಊರುಗಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಹಗಲು 10ರಿಂದ 4ರೊಳಗೆ 3 ಹೆಕ್ಟೋಪಾಸ್ಕಲ್‌ನಷ್ಟು ಇಳಿಯಬಹುದು. ಬೆಟ್ಟದ ಲೆಕ್ಕದಲ್ಲಿ ಅದು 28 ಮೀಟರ್ ಎತ್ತರಕ್ಕೆ ಸಮ! ಹಾಗಾಗಿ ಕೆಳಗಿನ ಓದು ಬೆಳಗ್ಗೆ, ಮೇಲಿನದು ಸಂಜೆ ಅಂತ ಮಾಡಬೇಡ. ಬೇಗ ಹತ್ತಿ, ಇಳಿದ ಮೇಲೆ ಬುಡದಲ್ಲಿ ಇನ್ನೊಂದು ಸಲ ಓದು ತೆಗೆದುಕೋ. ಎರಡರ ಸರಾಸರಿ ಬಳಸು.

ನಾಲೆ ಬಯಲು (ಪಾಂಡವಪುರ)

ನಾನು ಓದಿದ್ದು ಪಿಯುಸಿವರೆಗೆ. ಬೇಸಾಯ ಮಾಡುತ್ತೇನೆ. ಇಲ್ಲಿ ಮುಂಗಾರು ಅಂತ ನೋಡಿದ್ದಕ್ಕೆ ಎರಡು ಪ್ರಶ್ನೆ ಕೇಳುತ್ತೇನೆ. ಒಂದು: ಜೂನ್, ಜುಲೈನಲ್ಲಿ ನಮ್ಮ ಕಡೆ ಸರಿಯಾಗಿ ಹನಿ ಬೀಳದೇ ಇದ್ದರೂ ಕಟ್ಟೆ ತುಂಬುತ್ತದೆ. ಕೊಡಗಿನಲ್ಲಿ ಸುರಿದದ್ದು ಇಲ್ಲಿಗೆ ಯಾಕೆ ಬರುವುದಿಲ್ಲ? ಎರಡು: ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರ ಅಂತ ನಮ್ಮ ತಾತಂದಿರ ಕಾಲದಿಂದ ಮಳೆ ಲೆಕ್ಕ ಇದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತಾರೆ. ಇದಕ್ಕೆ ನಿಮ್ಮ ವಿಜ್ಞಾನದಲ್ಲಿ ಜಾಗ ಇದೆಯಾ, ಅಥವಾ ಸುಮ್ನೆ ನಂಬಿಕೆಯಾ? ಮಗಳೇ, ನಿನ್ನ ಪೇಪರಿನಲ್ಲಿ ಇದು ಬಂದರೆ ನನಗೂ ಹೇಳು.

ಫಿಸಿಕ್ಸ್ ಮೇಡಂ

ಅಣ್ಣಾ, ಎರಡೂ ಪ್ರಶ್ನೆ ಈ ಪೇಪರಿನದೇ.

ಮುಂಗಾರಿನಲ್ಲಿ ನೆಲದಿಂದ ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಅರಬ್ಬಿ ಸಮುದ್ರದಿಂದ ಜೋರಾದ ಪಶ್ಚಿಮದ ಗಾಳಿ ಬರುತ್ತದೆ. ತುಂಬಾ ತೇವ ಹೊತ್ತಿರುತ್ತದೆ. ಅಡ್ಡಕ್ಕೆ ಪಶ್ಚಿಮ ಘಟ್ಟ. ಗಾಳಿ ಬೇರೆ ದಾರಿ ಇಲ್ಲದೆ ಮೇಲಕ್ಕೆ ಏರುತ್ತದೆ. ಮೇಲೆ ಒತ್ತಡ ಕಡಿಮೆ, ಗಾಳಿ ಹಿಗ್ಗುತ್ತದೆ, ಹಿಗ್ಗಿದಾಗ ತಣ್ಣಗಾಗುತ್ತದೆ. ಒಣ ಗಾಳಿಯಾದರೆ ಕಿಲೋಮೀಟರಿಗೆ 9.8 ಡಿಗ್ರಿ. ತಣ್ಣಗಾದ ಗಾಳಿಯಲ್ಲಿ ನೀರಾವಿ ಮೋಡವಾಗಿ ಆಗುಂಬೆ, ಭಾಗಮಂಡಲದ ಕಡೆ ಸುರಿದುಬಿಡುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟುತ್ತದೆ. ಘಟ್ಟ ದಾಟಿ ನಮ್ಮ ಕಡೆ ಇಳಿಯುವ ಗಾಳಿ ಕುಗ್ಗಿ ಬಿಸಿಯಾಗುತ್ತದೆ, ಒಣಗುತ್ತದೆ. ಮೋಡ ತೇಲಿ ಹೋಗುತ್ತದೆ, ಮಳೆ ಆಗುವುದಿಲ್ಲ. ಮಂಡ್ಯಕ್ಕೆ ವರ್ಷಕ್ಕೆ ಸಿಗುವುದು 700 ಮಿಲಿಮೀಟರ್ ಆಸುಪಾಸು. ಅದರಲ್ಲೂ ಮೇ ತಿಂಗಳ ಗುಡುಗು ಮಳೆ ಮತ್ತು ಸೆಪ್ಟೆಂಬರ್, ಅಕ್ಟೋಬರ್‌ನದೇ ಜಾಸ್ತಿ. ಕನ್ನಂಬಾಡಿಯ 124.80 ಅಡಿ ತುಂಬಿಸುವುದು ಘಟ್ಟದ ಮಳೆ. ನಿಮ್ಮ ರಾಗಿಗೆ ಬೀಳುವುದು ಬೇರೆಯೇ ಮಳೆ.

ಈಗ ನಕ್ಷತ್ರದ ವಿಷಯ. ಸೂರ್ಯ ವರ್ಷದಲ್ಲಿ 27 ನಕ್ಷತ್ರಗಳನ್ನು ದಾಟುತ್ತಾನೆ. ಒಂದೊಂದಕ್ಕೆ 13ರಿಂದ 14 ದಿನ. ಆರಿದ್ರ ಮಳೆ ಅಂದರೆ ಸೂರ್ಯ ಆರಿದ್ರ ನಕ್ಷತ್ರದ ಭಾಗದಲ್ಲಿರುವ ದಿನಗಳು, ಜೂನ್ 22ರಿಂದ ಜುಲೈ ಮೊದಲ ವಾರದವರೆಗೆ. ಆ ದಿನಗಳಲ್ಲಿ ಆರಿದ್ರ ನಕ್ಷತ್ರ ನಮಗೆ ಕಾಣುವುದೇ ಇಲ್ಲ, ಸೂರ್ಯನ ಜೊತೆಯಲ್ಲೇ ಹಗಲು ಆಕಾಶದಲ್ಲಿರುತ್ತದೆ. ಮಳೆ ತರಿಸುವುದು ನಕ್ಷತ್ರ ಅಲ್ಲ. ಅದು ದಿನದ ಗುರುತು, ಬಿತ್ತನೆಗೆ ಬೇಕಾದಷ್ಟು ಚೊಕ್ಕ ಗುರುತು. ಚಂದ್ರನ ತಿಂಗಳು ವರ್ಷದಿಂದ ವರ್ಷಕ್ಕೆ ಹಿಂದೆ ಮುಂದೆ ಆಗುತ್ತದೆ. ಸೂರ್ಯನ ನಕ್ಷತ್ರ ಹಾಗೆ ಜಾರುವುದಿಲ್ಲ. ಅದನ್ನು ಕಂಡುಕೊಂಡವರು ಆಕಾಶವನ್ನು ಚೆನ್ನಾಗಿ ನೋಡಿದವರು.

ಆದರೆ ಒಂದು ತೊಡಕಿದೆ. ಭೂಮಿಯ ಅಕ್ಷ ಸುಮಾರು 26,000 ವರ್ಷಕ್ಕೆ ಒಂದು ಸುತ್ತು ಹಾಕುತ್ತದೆ. ಹಾಗಾಗಿ ನಕ್ಷತ್ರದ ವರ್ಷ ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. ಕೂಡುತ್ತಾ ಹೋದರೆ 71–72 ವರ್ಷಕ್ಕೆ ಒಂದು ದಿನ. ಸಾವಿರ ವರ್ಷಕ್ಕೆ 14 ದಿನ, ಅಂದರೆ ಪೂರ್ತಿ ಒಂದು ನಕ್ಷತ್ರ! ಸಂಕ್ರಾಂತಿಯಲ್ಲೂ ಇದು ಕಾಣುತ್ತದೆ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21–22ಕ್ಕೆ, ನಾವು ಎಳ್ಳು ಬೆಲ್ಲ ಹಂಚುವುದು ಜನವರಿ 14–15ಕ್ಕೆ. ಸುಮಾರು 1700 ವರ್ಷಗಳ ಹಿಂದೆ ಎರಡೂ ಒಂದೇ ಸಮಯಕ್ಕೆ ಬರುತ್ತಿದ್ದವು. ಆಗಿನ ಆರಿದ್ರ ಈಗಿನ ಋತುವಿನ ಲೆಕ್ಕದಲ್ಲಿ ಮೇ ಕೊನೆಗೆ ಬರುತ್ತಿತ್ತು. ಕೇರಳಕ್ಕೆ ಮುಂಗಾರು ಬರುವ ಸಾಮಾನ್ಯ ದಿನ ಜೂನ್ 1. ಹಳೆಯ ಗಾದೆಯ ಮಳೆಯನ್ನೂ ಈಗಿನ ಮಳೆಯನ್ನೂ ಹೋಲಿಸುವಾಗ ಈ ಜಾರುವಿಕೆ ಲೆಕ್ಕಕ್ಕೆ ಬರಬೇಕು.

ನಾಲೆ ಬಯಲು

ಸಂಕ್ರಾಂತಿ ಲೆಕ್ಕ ಕೇಳಿ ಆಶ್ಚರ್ಯವಾಯಿತು ಮೇಡಂ. ನಮ್ಮಪ್ಪ ಪುಸ್ತಕದಲ್ಲಿ ವರ್ಷವರ್ಷದ ಮಳೆ ನಕ್ಷತ್ರದ ಪ್ರಕಾರ ಬರೆದಿಟ್ಟಿದ್ದಾರೆ. ಅದರಿಂದ ಏನಾದರೂ ಉಪಯೋಗ ಇದೆಯಾ?

ಕೆ.ಆರ್. ಪೇಟೆ ಹುಡುಗ (ಈಗ ಪುಣೆ)

ಅಣ್ಣಾ, ಖಂಡಿತ ಇದೆ. ಆ ಪುಸ್ತಕ ಜೋಪಾನವಾಗಿಡಿ, ಪುಟಗಳ ಫೋಟೋ ತೆಗೆದಿಡಿ. ಈಗ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿ ಮಳೆ ಅಳೆಯುವ ಯಂತ್ರಗಳಿವೆ, ಆದರೆ ಅವು ಇತ್ತೀಚಿನವು. ನಿಮ್ಮ ಹಳ್ಳಿಯದೇ ಹಳೆಯ ಮಳೆ ಲೆಕ್ಕ ನಿಮ್ಮಪ್ಪನವರ ಬರಹದಂಥವುಗಳಲ್ಲೇ ಸಿಗಬೇಕು.

ಸುಲೋಚನಾ ಗಾಡ್ಗೀಳ್ ಅವರ ಹೆಸರು ಇಲ್ಲಿ ಹೇಳಲೇಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮುಂಗಾರು ಅಧ್ಯಯನ ಮಾಡಿದವರು. 1980ರಲ್ಲಿ ಹವಾಮಾನ ವಿಜ್ಞಾನಿ ಸಿಕ್ಕಾ ಅವರ ಜೊತೆ ಉಪಗ್ರಹದ ಮೋಡದ ಚಿತ್ರಗಳನ್ನು ದಿನದಿನ ನೋಡಿ, ಮುಂಗಾರು ಸಮಭಾಜಕದ ಹತ್ತಿರದ ಮೋಡದ ಪಟ್ಟಿಯೇ ಉತ್ತರಕ್ಕೆ ಸರಿದು ಬರುವುದು ಅಂತ ತೋರಿಸಿದರು. ನೆಲ, ಸಮುದ್ರದ ಬಿಸಿಯ ವ್ಯತ್ಯಾಸ ಒಂದರಿಂದಲೇ ಮುಂಗಾರು ಅನ್ನುವ ಶಾಲೆಯ ಪಾಠಕ್ಕಿಂತ ಇದು ಮುಂದಿನ ಹೆಜ್ಜೆ. ಅವರೇ ಪಾವಗಡದ ಕಡಲೆಕಾಯಿ ಬೆಳೆಗಾರರ ಜೊತೆ ಕೂತು, ಯಾವಾಗ ಬಿತ್ತಿದರೆ ಒಳ್ಳೆಯದು ಅಂತ ಹಳೆಯ ಮಳೆ ಲೆಕ್ಕದಿಂದ ಹುಡುಕಿದರು.

ಹುಣ್ಣಿಮೆ ರಾತ್ರಿ (ಮೈಸೂರು)

ಎಲ್ಲ ಚೆನ್ನಾಗಿದೆ, ಆದರೆ ನನ್ನದೊಂದು ತಕರಾರು. ಆ ಹುಡುಗಿ ಕೇಳಿದ್ದು ಬಾಹ್ಯಾಕಾಶ ಮತ್ತು ಗ್ರಹಗಳ ಬಗ್ಗೆಯೂ. ಚರ್ಚೆ ಪೂರ್ತಿ ಮಳೆಯ ಕಡೆ ಹೋಗಿದೆ. ನನ್ನ ಮಾತು ಕೇಳಿದರೆ ಚಂದ್ರನಿಂದ ಶುರು ಮಾಡು. ಗಾಳಿ ಇಲ್ಲದಿದ್ದರೆ ಏನಾಗುತ್ತದೆ ಅಂತ ತಿಳಿದರೆ ಗಾಳಿಯ ಬೆಲೆ ತಿಳಿಯುತ್ತದೆ.

2023ರ ಆಗಸ್ಟ್ 23ರಂದು ಚಂದ್ರಯಾನ 3 ಇಳಿಯಿತು. ಅದರ ಒಂದು ಉಪಕರಣ ಮಣ್ಣಿನೊಳಗೆ ಸಣ್ಣ ಕಡ್ಡಿ ಇಳಿಸಿ ಬಿಸಿ ಅಳೆಯಿತು. ಇಸ್ರೋ ಮೊದಲು ಹಾಕಿದ ಗ್ರಾಫಿನಲ್ಲಿ ಮೇಲ್ಮೈ ಹತ್ತಿರ 50 ಡಿಗ್ರಿ ಸುಮಾರು, ಬರೀ 8 ಸೆಂಟಿಮೀಟರ್ ಕೆಳಗೆ ಮೈನಸ್ 10. ಒಂದು ಗೇಣಿಗೂ ಕಡಿಮೆ ಆಳದಲ್ಲಿ 60 ಡಿಗ್ರಿ ವ್ಯತ್ಯಾಸ! ಆ ಧೂಳುಮಣ್ಣಿನ ಕಣಗಳ ನಡುವೆ ಗಾಳಿಯೂ ಇಲ್ಲ, ನೀರೂ ಇಲ್ಲ. ಶಾಖ ಕೆಳಗೆ ಇಳಿಯುವುದೇ ಕಷ್ಟ.

ಇನ್ನೊಂದು ಒಗಟು ಕೊಡುತ್ತೇನೆ. ಶನಿಯ ಉಪಗ್ರಹ ಟೈಟನ್. ಅದರಿಂದ ತಪ್ಪಿಸಿಕೊಂಡು ಹೋಗಲು ಬೇಕಾದ ವೇಗ ಸೆಕೆಂಡಿಗೆ 2.6 ಕಿಲೋಮೀಟರ್, ಚಂದ್ರನಿಂದ 2.4. ಹೆಚ್ಚು ಕಡಿಮೆ ಒಂದೇ. ಆದರೂ ಚಂದ್ರನಿಗೆ ಗಾಳಿಯೇ ಇಲ್ಲ, ಟೈಟನ್‌ನಲ್ಲಿ ಒತ್ತಡ ನಮ್ಮ ಸಮುದ್ರ ಮಟ್ಟದ ಒಂದೂವರೆ ಪಟ್ಟು. ಯಾಕೆ?

ಕಬ್ಬಿನ ಗದ್ದೆ

ಟೈಟನ್ ಸೂರ್ಯನಿಂದ ದೂರ ಇದೆ, ತುಂಬಾ ತಣ್ಣಗಿರಬೇಕು. ತಣ್ಣಗಿದ್ದರೆ ಅಣುಗಳ ವೇಗ ಕಡಿಮೆ. ಹಾಗಾಗಿ ಓಡಿಹೋಗುವುದಿಲ್ಲ. ಸರಿನಾ ಅಣ್ಣ?

ಹುಣ್ಣಿಮೆ ರಾತ್ರಿ

ಮುಖ್ಯವಾದದ್ದು ಅದೇ. ಟೈಟನ್ ನೆಲ ಮೈನಸ್ 179 ಡಿಗ್ರಿ. ಸೂರ್ಯನ ಬೆಳಕು ನಮಗೆ ಸಿಗುವುದರ ಸುಮಾರು ನೂರನೇ ಒಂದು ಪಾಲು. ಚಂದ್ರನ ನೆಲ ಹಗಲಲ್ಲಿ 120 ಡಿಗ್ರಿವರೆಗೂ ಕಾಯುತ್ತದೆ, ಜೊತೆಗೆ ಸೂರ್ಯನಿಂದ ಹೊರಡುವ ಕಣಗಳ ಗಾಳಿ ನೇರ ಬಡಿಯುತ್ತದೆ. 2005ರ ಜನವರಿ 14ರಂದು ಹೈಗೆನ್ಸ್ ನೌಕೆ ಪ್ಯಾರಾಚೂಟ್ ಕಟ್ಟಿಕೊಂಡು ಟೈಟನ್ ಮೇಲೆ ಇಳಿಯಿತು. ದಾರಿಯುದ್ದಕ್ಕೂ ಒತ್ತಡ, ತಾಪಮಾನ ಅಳೆಯುತ್ತಾ ಹೋಯಿತು. ಅಲ್ಲಿ ಮೀಥೇನ್ ಮಳೆ ಬಂದು ಹಳ್ಳಗಳು ಕೊರೆದಿವೆ.

ಫಿಸಿಕ್ಸ್ ಮೇಡಂ

ತಕರಾರು ಒಪ್ಪುತ್ತೇನೆ, ಪೂರ್ತಿ ಅಲ್ಲ. ಹೈಗೆನ್ಸ್ ಇಳಿಯುತ್ತಾ ಮಾಡಿದ್ದನ್ನು ಈ ಹುಡುಗಿ ಬೆಟ್ಟ ಇಳಿಯುತ್ತಾ ಮಾಡಬಹುದು. ಅದೇ ಅಳತೆ, ಅದೇ ಸೂತ್ರ. ಚಂದ್ರನ ಬಗ್ಗೆ ಓದುವುದಷ್ಟೇ ಸಾಧ್ಯ, ಗಾಳಿಯನ್ನು ಕೈಯಾರೆ ಅಳೆಯಬಹುದು. ಮೊದಲ ವರ್ಷದವರಿಗೆ ಅಳೆದ ಅನುಭವ ಬೇಕು. ಅದಕ್ಕೇ ನಾನು ಗಾಳಿ ಮೊದಲು ಅಂದದ್ದು.

ಹಳೇ ರೇಡಿಯೋ (ಯಾದವಗಿರಿ)

ಗಾಳಿ ಎಲ್ಲಿ ಮುಗಿದು ಬಾಹ್ಯಾಕಾಶ ಎಲ್ಲಿ ಶುರುವಾಗುತ್ತದೆ ಅನ್ನುವುದನ್ನು ಕೇಳಿಯೇ ತಿಳಿಯಬಹುದು. ಮೀಡಿಯಂ ವೇವ್ ರೇಡಿಯೋ ಇದ್ದರೆ ಮಧ್ಯಾಹ್ನ ಒಮ್ಮೆ, ರಾತ್ರಿ ಹತ್ತರ ಮೇಲೆ ಒಮ್ಮೆ ಮುಳ್ಳು ತಿರುಗಿಸು. ರಾತ್ರಿ ದೂರದ ಕೇಂದ್ರಗಳು ಸಿಗುತ್ತವೆ. 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ ಡಿ ಪದರ ಅಂತ ಇದೆ. ಹಗಲು ಸೂರ್ಯನ ಕಿರಣದಿಂದ ಅಲ್ಲಿ ಎಲೆಕ್ಟ್ರಾನ್‌ಗಳು ಬಿಡುಗಡೆಯಾಗಿ ರೇಡಿಯೋ ಅಲೆಯನ್ನು ಹೀರುತ್ತವೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಅಲೆ ಇನ್ನೂ ಮೇಲಿನ ಪದರಕ್ಕೆ ತಾಗಿ ವಾಪಸ್ ಬರುತ್ತದೆ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲಿ ರೇಡಿಯೋ ಕೇಂದ್ರ ತೆರೆದ ಊರು ನಮ್ಮ ಮೈಸೂರು. ಇಲ್ಲಿನ ಮಕ್ಕಳು ಇದನ್ನು ತಿಳಿದಿರಬೇಕು.

ಕೆ.ಆರ್. ಪೇಟೆ ಹುಡುಗ

ಅಪ್ಪನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ನಾನು ಹೇಳುತ್ತೇನೆ. ಬಿಎಸ್ಸಿ ಒಂದರಿಂದಲೇ ಈ ಕ್ಷೇತ್ರದಲ್ಲಿ ಕೆಲಸ ಕಡಿಮೆ. ಹವಾಮಾನ ಇಲಾಖೆಯ ಸೈಂಟಿಫಿಕ್ ಅಸಿಸ್ಟೆಂಟ್ ಹುದ್ದೆಗೆ ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ (ಎಸ್‌ಎಸ್‌ಸಿ) ಪರೀಕ್ಷೆ ನಡೆಸಿದಾಗ ಫಿಸಿಕ್ಸ್ ಇರುವ ಬಿಎಸ್ಸಿ ಪ್ರಥಮ ದರ್ಜೆಯವರು ಅರ್ಜಿ ಹಾಕಬಹುದಿತ್ತು. ಆದರೆ ಅದು ಪ್ರತಿ ವರ್ಷ ಕರೆಯುವ ಹುದ್ದೆ ಅಲ್ಲ. ಎಂಎಸ್ಸಿ ಮಾಡುವ ಮನಸ್ಸಿದ್ದರೆ ಐಐಟಿ ಜಾಮ್ ಪ್ರವೇಶ ಪರೀಕ್ಷೆ ಬರಿ. ಹವಾಮಾನಶಾಸ್ತ್ರದಲ್ಲೇ ಎಂಎಸ್ಸಿ ಬೇಕಾದರೆ ಕೊಚ್ಚಿ, ವಿಶಾಖಪಟ್ಟಣದಲ್ಲಿದೆ. ಮುಂದೆ ಸಂಶೋಧನೆಗೆ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ, ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ (ಪಿಆರ್‌ಎಲ್), ತಿರುಪತಿ ಹತ್ತಿರದ ಗಾದಂಕಿಯ ವಾತಾವರಣ ಸಂಶೋಧನಾ ಪ್ರಯೋಗಾಲಯ, ಬೆಂಗಳೂರಿನ ವಿಜ್ಞಾನ ಸಂಸ್ಥೆ ಮತ್ತು ಖಭೌತ ಸಂಸ್ಥೆ ಇವೆ. ದಾರಿ ಉದ್ದ. ಮನೆಯವರಿಗೆ ಅದನ್ನು ಮೊದಲೇ ಹೇಳಿ ಒಪ್ಪಿಸುವುದು ಒಳ್ಳೆಯದು. ಈಗಿನಿಂದಲೇ ಪೈಥಾನ್ ಕಲಿ, ಎಲ್ಲಿ ಹೋದರೂ ಬೇಕಾಗುತ್ತದೆ.

ಕನ್ನಡ ಮಾಧ್ಯಮದ ಬಗ್ಗೆ ಹೆದರಬೇಡ. ನಾನೂ ಅಲ್ಲಿಂದಲೇ ಬಂದವನು. ಲೆಕ್ಕ ಗಟ್ಟಿ ಇದ್ದರೆ ಭಾಷೆ ಒಂದು ವರ್ಷದಲ್ಲಿ ಹಿಡಿತಕ್ಕೆ ಬರುತ್ತದೆ.

ಕಬ್ಬಿನ ಗದ್ದೆ

ಎಲ್ಲರಿಗೂ ತುಂಬಾ ಧನ್ಯವಾದ. ಅಪ್ಪನಿಗೆ ಓದಿ ಹೇಳಿದೆ, ಎಂಎಸ್ಸಿವರೆಗೆ ಓದಿಸುತ್ತೇನೆ ಅಂದಿದ್ದಾರೆ. ನನ್ನ ಫೋನಿನಲ್ಲಿ ಬ್ಯಾರೋಮೀಟರ್ ಇಲ್ಲ. ಬೆಟ್ಟಕ್ಕೆ ಹೋಗುವಾಗ ಚಿಕ್ಕಪ್ಪನ ಫೋನ್ ತೆಗೆದುಕೊಂಡು ಹೋಗುತ್ತೇನೆ. ಅಲ್ಲಿಯವರೆಗೆ ಮನೆಯಲ್ಲೇ ಮಾಡುವಂಥದ್ದು ಇನ್ನೇನಾದರೂ ಇದೆಯಾ?

ಫಿಸಿಕ್ಸ್ ಮೇಡಂ

ಇದೆ. ಬೆಂಗಳೂರಿನಿಂದ ಹವಾಮಾನ ಇಲಾಖೆ ಬಲೂನು ಬಿಡುತ್ತದೆ. ಅದು ಒತ್ತಡ, ಎತ್ತರ, ತಾಪಮಾನ, ತೇವ, ಗಾಳಿಯನ್ನು ಅಳೆದು ಕಳಿಸುತ್ತದೆ. ಅಮೆರಿಕದ ವ್ಯೋಮಿಂಗ್ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಈ ಅಂಕಿಗಳು ಎಲ್ಲರಿಗೂ ಉಚಿತವಾಗಿ ಸಿಗುತ್ತವೆ. ಬೆಂಗಳೂರಿನ ಕೇಂದ್ರದ ಸಂಖ್ಯೆ 43295. ಅಲ್ಲಿ 00 ಗಂಟೆ ಅಂದರೆ ನಮ್ಮ ಬೆಳಗಿನ 5:30. ಒಂದು ದಿನದ್ದು ತೆಗೆದು ಎತ್ತರಕ್ಕೆ ಎದುರಾಗಿ ತಾಪಮಾನದ ಗ್ರಾಫ್ ಹಾಕು. 16–17 ಕಿಲೋಮೀಟರ್ ಹತ್ತಿರ ತಣ್ಣಗಾಗುವುದು ನಿಲ್ಲುತ್ತದೆ, ಅಲ್ಲಿ ಮೈನಸ್ 75ರಿಂದ 80 ಡಿಗ್ರಿ ಇರುತ್ತದೆ. ಅದೇ ಟ್ರೋಪೋಪಾಸ್. 500 ಹೆಕ್ಟೋಪಾಸ್ಕಲ್ ಎಷ್ಟು ಎತ್ತರದಲ್ಲಿದೆ ಅಂತಲೂ ನೋಡು. ಗಾಳಿಯ ಅರ್ಧದಷ್ಟು ತೂಕ ಅದರ ಕೆಳಗೇ ಇದೆ.

ಕಬ್ಬಿನ ಗದ್ದೆ

ಸಿಕ್ಕಿತು ಮೇಡಂ. ಆದರೆ ನಾನು ತೆಗೆದ ದಿನದ ಅಂಕಿಗಳು ಅರ್ಧಕ್ಕೇ ನಿಂತಿವೆ, ಮೇಲಿನದು ಇಲ್ಲ.

ಫಿಸಿಕ್ಸ್ ಮೇಡಂ

ಬಲೂನು ಬೇಗ ಒಡೆದಿರಬಹುದು ಅಥವಾ ಸಂಕೇತ ತಪ್ಪಿರಬಹುದು. ಹಾಗಾಗುವುದುಂಟು, ಇನ್ನೊಂದು ದಿನದ್ದು ತೆಗೆದುಕೋ. ಹಾಗೇ ಜುಲೈನ ಒಂದು ದಿನ, ಜನವರಿಯ ಒಂದು ದಿನ ಇಟ್ಟು ಗಾಳಿಯ ದಿಕ್ಕಿನ ಸಾಲನ್ನು ಹೋಲಿಸು. ಜುಲೈನಲ್ಲಿ ಕೆಳಗೆ ಪಶ್ಚಿಮದಿಂದ ಗಾಳಿ, 14ರಿಂದ 16 ಕಿಲೋಮೀಟರ್ ಎತ್ತರದಲ್ಲಿ ಪೂರ್ವದಿಂದ ಅದಕ್ಕಿಂತ ಜೋರಾದ ಗಾಳಿ ಕಾಣುತ್ತದೆ. ಮೇಲಿನದನ್ನು 1950ರ ದಶಕದಲ್ಲಿ ಗುರುತಿಸಿದವರು ನಮ್ಮ ದೇಶದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ. ಯಾವ ಎತ್ತರದಲ್ಲಿ ದಿಕ್ಕು ತಿರುಗುತ್ತದೆ ಅಂತ ಹುಡುಕಿ ಗ್ರಾಫ್ ಸಮೇತ ಇಲ್ಲಿ ಹಾಕು, ನೋಡೋಣ.